ಹಂಪಿಗೆ ಬಂದವರು ರಾತ್ರಿ ಎಲ್ಲಿ ಮಲಗಬೇಕು?

"ಅಕ್ಕಾ, ಹಂಪ್ಯಾಗ ಒಂದು ರೂಮ್ ಸಿಗ್ತೈತೇನು ನೋಡು." ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಬರುವ ಕರೆಗಳಲ್ಲಿ ಅರ್ಧ ಇಂಥವೇ. ಡಿಪ್ಲೊಮಾದಲ್ಲಿ ಜತೆಗೆ ಓದಿದವರು, ಬೆಂಗಳೂರಿನ ಡೆಸ್ಕಿನವರು, ದೊಡ್ಡಮ್ಮನ ಮಗಳ ಗಂಡನ ಆಫೀಸಿನವರು, ಎಲ್ಲರೂ ಕೇಳುವುದು ಇದನ್ನೇ. ಹೊಸಪೇಟೆಯಲ್ಲಿ ಕೂತು ಪತ್ರಿಕೆಗೆ ಬರೆಯುತ್ತೇವೆ ಎಂದರೆ ಊರಿನ ಎಲ್ಲ ಲಾಡ್ಜುಗಳ ಬೀಗದ ಕೈ ನಮ್ಮ ಸೊಂಟದಲ್ಲಿದೆ ಎಂದು ಜನ ನಂಬಿದ್ದಾರೆ. ನಾನು ಅಚ್ಚಾದ ಸುದ್ದಿಗೆ ಇಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ಸ್ಟ್ರಿಂಗರ್ ಅಷ್ಟೆ.

ಆದರೂ ಆ ಪ್ರಶ್ನೆ ಸಣ್ಣದಲ್ಲ. ಹಂಪಿಯಲ್ಲಿ ಏನು ನೋಡಬೇಕು ಎಂದು ಹೇಳಲು ಪುಸ್ತಕಗಳಿವೆ, ಗೈಡುಗಳಿದ್ದಾರೆ. ಎಲ್ಲಿ ಮಲಗಬೇಕು ಎಂಬುದಕ್ಕೆ ಉತ್ತರ ಹುಡುಕುತ್ತ ಹೋದರೆ ನದಿ, ಅದಿರು, ಕೋರ್ಟು, ಮೂರು ಜಿಲ್ಲೆಗಳ ಗಡಿ ಎಲ್ಲವೂ ಅಡ್ಡ ಬರುತ್ತವೆ. ಪ್ರತಿ ಸಲ ಫೋನಿನಲ್ಲಿ ಒದರುವ ಬದಲು ಒಮ್ಮೆ ಬರೆದಿಡುತ್ತೇನೆ. ಬರುವವರಿಗೂ ಉಪಯೋಗವಾಗಲಿ, ಇಂಥದ್ದನ್ನು ಬರೆಯಬೇಕಾದ ನಮಗೂ ಆಗಲಿ.

ಮೊದಲು ಭೂಗೋಳ. ಹೊಸಪೇಟೆ, ಕಮಲಾಪುರ, ಹಂಪಿ 2021ರಿಂದ ವಿಜಯನಗರ ಜಿಲ್ಲೆ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ವಿರೂಪಾಕ್ಷ ಗುಡಿಯ ಪಕ್ಕದಲ್ಲಿ ಹರಿಯುವ ತುಂಗಭದ್ರೆಯನ್ನು ದಾಟಿದರೆ ಕೊಪ್ಪಳ ಜಿಲ್ಲೆ. ವಿರೂಪಾಪುರ ಗಡ್ಡಿ, ಆನೆಗೊಂದಿ, ಅಂಜನಾದ್ರಿ, ಸಾಣಾಪುರ ಎಲ್ಲ ಗಂಗಾವತಿ ಕಡೆಯವು. ಪ್ರವಾಸಿ ಇವೆಲ್ಲವನ್ನೂ ಒಟ್ಟಿಗೆ 'ಹಂಪಿ' ಎನ್ನುತ್ತಾನೆ. ಮೊಬೈಲಿನಲ್ಲಿ 'ಹಂಪಿಯಲ್ಲಿ ರೂಮು' ಎಂದು ಬುಕ್ ಮಾಡಿ ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದಮೇಲೆ, ಆ ರೂಮು ನದಿಯ ಆಚೆ ಇದೆ, ಆಟೊಕ್ಕೆ ಮೂವತ್ತು–ನಲವತ್ತು ಕಿಲೋಮೀಟರಿನ ಬಾಡಿಗೆ ಕೊಡಬೇಕು ಎಂದು ಗೊತ್ತಾದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬರುವ ದಾರಿ ಸುಲಭ. ಬೆಂಗಳೂರು, ಮೈಸೂರು ಕಡೆಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ರಾತ್ರಿ ಬೆಂಗಳೂರಿನಲ್ಲಿ ಹತ್ತಿದರೆ ಬೆಳಗ್ಗೆ ಹೊಸಪೇಟೆ. ಗೋವಾ ಕಡೆಯಿಂದ ಹುಬ್ಬಳ್ಳಿ ಮೇಲೆ ಬರುವವರಿಗೆ ಅಮರಾವತಿ ಎಕ್ಸ್‌ಪ್ರೆಸ್. ಹತ್ತಿರದ ವಿಮಾನ ನಿಲ್ದಾಣ ತೋರಣಗಲ್ಲಿನದು. ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ಹಂಪಿಗೆ 13 ಕಿ.ಮೀ.; ಹಗಲಲ್ಲಿ ಬಸ್ಸು ಹೋಗುತ್ತಲೇ ಇರುತ್ತದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ವಿಠ್ಠಲ ದೇವಸ್ಥಾನ ಮತ್ತು ಕಮಲ ಮಹಲಿಗೆ ಒಂದೇ ಟಿಕೆಟ್, ಅದೇ ದಿನಕ್ಕೆ ಮಾತ್ರ: ನಮ್ಮವರಿಗೆ 40 ರೂಪಾಯಿ, ವಿದೇಶಿಯರಿಗೆ 600. ಆದ್ದರಿಂದ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ, ಟಿಕೆಟ್ ಬಿಸಾಡಬೇಡಿ.

ಇನ್ನು ರೂಮು. ಹೆಚ್ಚು ರೂಮುಗಳಿರುವುದು ಹೊಸಪೇಟೆಯಲ್ಲೇ. ಇಲ್ಲಿನ ಎಷ್ಟೋ ಲಾಡ್ಜುಗಳು ಪ್ರವಾಸಿಗರಿಗಾಗಿ ಕಟ್ಟಿದವಲ್ಲ. ಅದಿರಿನ ಕಾಲದಲ್ಲಿ ಎದ್ದವು. ಆಗ ಸಂಡೂರು ಗುಡ್ಡಗಳಿಂದ ಇಳಿಯುವ ಲಾರಿಗಳ ಕೆಂಧೂಳು ಊರಿನ ಮರಗಳ ಮೇಲೆಲ್ಲ ಕೂತಿರುತ್ತಿತ್ತು. ಲಾರಿ ಮಾಲೀಕರು, ಏಜೆಂಟರು, ಚೆನ್ನೈ–ಗೋವಾದಿಂದ ಬಂದ ಖರೀದಿದಾರರು ತಿಂಗಳಾನುಗಟ್ಟಲೆ ರೂಮು ಹಿಡಿಯುತ್ತಿದ್ದರು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದೇ ವಾರ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಜೆಸಿಬಿ ನಿಂತಿತ್ತು. ಕಲ್ಲಿನ ಸಾಲುಮಂಟಪಗಳ ಒಳಗೆ, ಮುಂದೆ ಕಟ್ಟಿಕೊಂಡಿದ್ದ ಮನೆ, ಅಂಗಡಿ, ಊಟದ ಹೋಟೆಲು, ಎರಡು–ಮೂರು ರೂಮಿನ ಗೆಸ್ಟ್‌ಹೌಸುಗಳನ್ನು ತೆಗೆದರು. ಊರಿನ ಎರಡು ಅನ್ನದ ದಾರಿಗಳು ಒಂದೇ ವಾರದಲ್ಲಿ ಮುಚ್ಚಿದ್ದನ್ನು ನಮ್ಮಲ್ಲಿ ಈಗಲೂ ನೆನೆಯುತ್ತಾರೆ. ಮುಂದೆ ಅದಿರಿನವರು ಬಿಟ್ಟ ರೂಮುಗಳಿಗೆ ಹಂಪಿಯವರು ಬಂದರು. ಹಾಗಾಗಿ ಕೆಲವು ಲಾಡ್ಜುಗಳಲ್ಲಿ ಕಿಟಕಿಗಿಂತ ಲಾರಿ ನಿಲ್ಲಿಸುವ ಜಾಗ ದೊಡ್ಡದಿರುತ್ತದೆ. ತಪ್ಪು ತಿಳಿಯಬೇಡಿ.

ಹಂಪಿಗೆ ಇನ್ನೂ ಹತ್ತಿರ ಬೇಕೆಂದರೆ ಕಮಲಾಪುರ. ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇರುವುದು ಅಲ್ಲೇ, ಟಿ.ಬಿ. ಡ್ಯಾಮಿನಲ್ಲಿ ಮಯೂರ ವಿಜಯನಗರ ಇದೆ. ಹಂಪಿಯ ಒಳಗೇ ಮಲಗಬೇಕು ಎನ್ನುವವರಿಗೆ ಗುಡಿಯ ಹತ್ತಿರದ ಜನತಾ ಪ್ಲಾಟಿನ ಮನೆಗಳು. ಮನೆಯವರು ಕೆಳಗೆ, ಬಾಡಿಗೆಯವರು ಮೇಲೆ. ಊಟ ಚೆನ್ನಾಗಿರುತ್ತದೆ, ಮಾತು ಇನ್ನೂ ಚೆನ್ನಾಗಿರುತ್ತದೆ. ಆದರೆ ಅಲ್ಲಿ ಯಾರ ಮನೆಯಲ್ಲಿ ಚಾ ಕುಡಿದರೂ 'ನೋಟಿಸು' ಎಂಬ ಮಾತು ಒಮ್ಮೆ ಬಂದೇ ಬರುತ್ತದೆ.

ಅದಕ್ಕೆ ಕಾರಣ ಇದೆ. ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆನೆಗೊಂದಿ–ತಳವಾರಘಟ್ಟದ ಸೇತುವೆ ಕಟ್ಟಲು ಹೋದಾಗ 1999ರಲ್ಲಿ 'ಅಪಾಯದಲ್ಲಿರುವ ತಾಣ' ಎಂಬ ಪಟ್ಟಿಗೂ ಸೇರಿತು, 2006ರಲ್ಲಿ ಹೊರಬಂತು. ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿಯಿತು. ಈ ನಡುವೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು ಎಂಬ ಕೇಂದ್ರದ ಕಾನೂನು ಬೇರೆ. ಹಂಪಿಯಲ್ಲಿ ಸ್ಮಾರಕ ಇಲ್ಲದ 100 ಮೀಟರ್ ಹುಡುಕುವುದೇ ಕಷ್ಟ. ಕಲ್ಲು ಉಳಿಯಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಸಾಲುಮಂಟಪದ ಕಂಬಕ್ಕೆ ಸಿಮೆಂಟ್ ಮೆತ್ತಿ, ಮೊಳೆ ಹೊಡೆದು ಟಿ.ವಿ. ತೂಗುಹಾಕಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಮನೆ ತೆಗೆದಾಗ ಹಾಸಿಗೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ.

ಹಾಸಿಗೆ ಹೋದ ದಾರಿ ನೋಡಿ. ಬಜಾರಿನ ಜನರಿಗೆ ಕಡ್ಡಿರಾಂಪುರದ ಹತ್ತಿರ ಜಾಗ ಕೊಟ್ಟರು. ಪ್ರವಾಸಿಗರು ಕಡ್ಡಿರಾಂಪುರಕ್ಕೆ ಹೋಗಲಿಲ್ಲ, ನದಿ ದಾಟಿದರು. ಆಚೆ ದಂಡೆಯ ವಿರೂಪಾಪುರ ಗಡ್ಡಿಯಲ್ಲಿ ಭತ್ತದ ಗದ್ದೆಗಳ ನಡುವೆ ಗುಡಿಸಲು, ಉಯ್ಯಾಲೆ, ಊಟದ ಹೋಟೆಲು ಬೆಳೆದವು. ಅವೂ ಅನುಮತಿ ಇಲ್ಲದವು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿಯಿತು, ಮಾರ್ಚ್ ಮೊದಲ ವಾರ ಅವು ನೆಲಸಮವಾದವು. ಆ ತಿಂಗಳ ಕೊನೆಗೆ ಲಾಕ್‌ಡೌನ್ ಬಂದದ್ದರಿಂದ ಯಾರಿಗೂ ಏನೂ ಕಾಣಲಿಲ್ಲ. ಲಾಕ್‌ಡೌನ್ ಮುಗಿದಮೇಲೆ ನೋಡಿದರೆ ಹಾಸಿಗೆ ಮತ್ತೆ ದೂರ ಹೋಗಿತ್ತು. ಹನುಮನಹಳ್ಳಿ, ಆನೆಗೊಂದಿ, ಸಾಣಾಪುರ. ಗುಡಿಯಿಂದ ದೂರ, ಬೀದಿದೀಪದಿಂದ ದೂರ, ಬಸ್ಸಿನಿಂದ ದೂರ.

2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ಕಾಲುವೆ ದಂಡೆಯ ಮೇಲೆ ನಕ್ಷತ್ರ ನೋಡುತ್ತ ಕೂತಿದ್ದ ಐದು ಜನರ ಮೇಲೆ ದಾಳಿ ನಡೆಯಿತು. ಗಂಡಸರನ್ನು ಕಾಲುವೆಗೆ ತಳ್ಳಿದರು; ಒಬ್ಬರು ಸತ್ತರು. ಇಬ್ಬರು ಮಹಿಳೆಯರ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತು. ಅಪರಾಧ ಮಾಡಿದವರು ಅಪರಾಧಿಗಳು. ಅದರ ಹೊಣೆಯನ್ನು ಹೋಂ ಸ್ಟೇ ಮೇಲೋ, ರಾತ್ರಿ ಹೊರಗೆ ಕೂತವರ ಮೇಲೋ ಹಾಕುವುದು ನೀಚತನ. ಆದರೂ ಮರುದಿನ ಆ ದಂಡೆಯ ಮೇಲೆ ನಿಂತಾಗ ನನಗೆ ಕಂಡದ್ದು ಎಷ್ಟು ದೂರದವರೆಗೂ ಒಂದು ದೀಪದ ಕಂಬ ಇಲ್ಲ ಎಂಬುದು. ಹದಿನಾಲ್ಕು ವರ್ಷದ ಹಿಂದೆ ಇಂಥ ಪ್ರವಾಸಿಗರು ಮಲಗುತ್ತಿದ್ದದ್ದು ವಿರೂಪಾಕ್ಷ ಗೋಪುರದ ಬೆಳಕಿನಲ್ಲಿ, ಹತ್ತು ಮನೆಗಳ ನಡುವೆ. ಆಮೇಲೆ ಬುಕಿಂಗ್‌ಗಳು ರದ್ದಾದವು, ಹೋಂ ಸ್ಟೇಗಳಿಗೆ ಸೂಚನೆಗಳು ಹೋದವು. ನಾವು ವರದಿಗಾರರೂ ಸೂಚನೆಗಳ ಸುದ್ದಿ ಬರೆದೆವು. ಬಂದವರು ಎಲ್ಲಿ ಉಳಿಯಬೇಕು ಎಂದು ಹೇಳುವ ಸೂಚನೆ ನನ್ನ ಕಣ್ಣಿಗೆ ಬೀಳಲಿಲ್ಲ.

ವಿದೇಶಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಿದೇಶಿ ಬಂದು ಉಳಿದ 24 ಗಂಟೆಯೊಳಗೆ ಮಾಲೀಕರು 'ಸಿ ಫಾರ್ಮ್' ತುಂಬಿ ಆನ್‌ಲೈನಿನಲ್ಲಿ ಕಳಿಸಬೇಕು. ನೋಂದಣಿ ಮಾಡಿಸದ ಲಾಡ್ಜಿನವರು "ಫಾರಿನ್‌ನವರಿಗೆ ಇಲ್ಲ" ಎಂದುಬಿಡುತ್ತಾರೆ, ಕಾರಣ ಹೇಳುವುದಿಲ್ಲ. ಹೋದ ಚಳಿಗಾಲದಲ್ಲಿ ಎಸ್ಟೋನಿಯಾದ ಗಂಡ–ಹೆಂಡತಿ ಹೀಗೆ ಎರಡು ಲಾಡ್ಜುಗಳಿಂದ ವಾಪಸು ಬಂದು ಸ್ಟೇಷನ್ ರಸ್ತೆಯ ಚಾ ಅಂಗಡಿಯಲ್ಲಿ ಕೂತಿದ್ದರು. ನಮ್ಮ ದೇಶಕ್ಕೆ ಬಣ್ಣದ ಕಾರಣಕ್ಕೆ ರೂಮು ಕೊಡುವುದಿಲ್ಲವೇ ಎಂದು ಆಕೆ ನನ್ನನ್ನು ಕೇಳಿದರು. ಫಾರ್ಮಿನ ಕತೆ ಹೇಳಿದಾಗ ನಕ್ಕರು. ಮೊದಲೇ ಒಂದು ಸಾಲು ಎಲ್ಲಾದರೂ ಬರೆದಿದ್ದರೆ ಸಾಕಿತ್ತಲ್ಲ ಎಂದರು. ಅವರ ಊರು ತಾಲಿನ್. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿದೆ, ಅದರ ಹಳೇ ಪೇಟೆಯೂ 1997ರಿಂದ ವಿಶ್ವ ಪರಂಪರೆ ತಾಣ. ಕೋಟೆ ಗೋಡೆಯ ಒಳಗೆ ಜನ ಇನ್ನೂ ಮನೆ ಮಾಡಿಕೊಂಡಿದ್ದಾರೆ, ಪ್ರವಾಸಿಗರೂ ಅಲ್ಲೇ ಮಲಗುತ್ತಾರೆ. ಬಸ್ಸು ಎಲ್ಲಿ, ಹಾಸಿಗೆ ಎಲ್ಲಿ, ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಆಕೆ ಮೊಬೈಲಿನಲ್ಲಿ ಒಂದೇ ಪುಟದಲ್ಲಿ ತೋರಿಸಿದರು. ಆ ನಂಬರ್ 112. ನಮ್ಮಲ್ಲೂ ಅದೇ ನಂಬರ್. ನಾವು ಅದನ್ನು ಬರೆದು ಅಂಟಿಸುವುದಿಲ್ಲ, ಅಷ್ಟೆ. ಅವರ ಊರಿನ ನಿವಾಸಿಗಳಿಗೆ 2013ರಿಂದ ಬಸ್ಸು ಪುಕ್ಕಟೆ ಎಂದಾಗ, ನಾನೂ ಶಕ್ತಿ ಯೋಜನೆಯ ಟಿಕೆಟ್ ತೋರಿಸಿದೆ. ಇಬ್ಬರಿಗೂ ಖುಷಿಯಾಯಿತು.

ಮಳೆಗಾಲದಲ್ಲಿ ಬರುವವರು ನದಿಯನ್ನು ಕೇಳಿಕೊಂಡು ಬನ್ನಿ. ಹಂಪಿಯಲ್ಲಿ ಮಳೆ ಇಲ್ಲದಿದ್ದರೂ ಮಲೆನಾಡಿನಲ್ಲಿ ಸುರಿದರೆ ಡ್ಯಾಮಿನ ಗೇಟು ಎತ್ತುತ್ತಾರೆ. ಮೊದಲು ಹರಿಗೋಲು, ಬೋಟು ನಿಲ್ಲುತ್ತವೆ, ಆಮೇಲೆ ಪುರಂದರ ಮಂಟಪ ಮುಳುಗುತ್ತದೆ, ಇನ್ನೂ ಹೆಚ್ಚಾದರೆ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಬರುತ್ತದೆ. ಬುಕ್ಕಸಾಗರ–ಕಡೇಬಾಗಿಲು ಸೇತುವೆ ಇರುವುದರಿಂದ ಆಚೆ ದಂಡೆಗೆ ಹೋಗಲು ಒಂದು ದಾರಿ ಉಳಿದಿದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ನೀರಿನ ನಡುವೆ ಸಿಕ್ಕಿಬಿದ್ದು, ಅವರನ್ನು ಬೋಟು, ಹೆಲಿಕಾಪ್ಟರುಗಳಲ್ಲಿ ಹೊರತಂದರು.

ಆ ದಿನಗಳಲ್ಲಿ ನಾನು ಕಂಪ್ಲಿಯಲ್ಲಿದ್ದೆ. ಕೋಟೆಯ ಕಡೆ ಮನೆಗಳಿಗೆ ನೀರು ನುಗ್ಗಿತ್ತು. ಸುದ್ದಿ ಕಳಿಸಿ ಮುಗಿಸುವಷ್ಟರಲ್ಲಿ ಹೊಸಪೇಟೆಯ ಕೊನೆ ಬಸ್ಸು ಹೋಗಿತ್ತು. ಒಂದು ಲಾಡ್ಜಿಗೆ ಹೋದೆ. ಕೌಂಟರಿನಲ್ಲಿದ್ದವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿ, "ಒಬ್ಬರೇನಾ? ಫ್ಯಾಮಿಲಿಗೆ ಮಾತ್ರ ಕೊಡ್ತೀವ್ರಿ" ಎಂದರು. ಪ್ರೆಸ್ ಕಾರ್ಡ್ ತೋರಿಸಿದೆ. ಅದನ್ನು ನೋಡಿದಮೇಲೆ ಇನ್ನೂ ಗಾಬರಿಯಾದರು. ಬೋರ್ಡಿನಲ್ಲಿ 'ರೂಮುಗಳು ಖಾಲಿ ಇವೆ' ಎಂದೇ ಇತ್ತು. ಕೊನೆಗೆ ನೀರಿಗೆ ಮನೆ ಬಿಟ್ಟವರನ್ನು ಇರಿಸಿದ್ದ ಗಂಜಿ ಕೇಂದ್ರಕ್ಕೆ ಹೋದೆ. ಶಾಲೆಯ ಕೋಣೆ. ಚಾಪೆ ಮೇಲಿದ್ದ ಅಜ್ಜಿಯೊಬ್ಬರು ಮೊಮ್ಮಕ್ಕಳನ್ನು ಗೋಡೆ ಕಡೆ ಸರಿಸಿ, "ಬಾರವ್ವ, ಇಲ್ಲೇ ಅಡ್ಡಾಗು" ಎಂದರು. ಬೆಳಗ್ಗೆ ಅವರ ಜತೆಗೇ ಉಪ್ಪಿಟ್ಟು ತಿಂದು ಬಸ್ಸು ಹತ್ತಿದೆ. ಒಂಟಿ ಹೆಂಗಸಿಗೆ ರೂಮು ಕೊಡಬಾರದು ಎಂಬ ಕಾನೂನು ಎಲ್ಲೂ ಇಲ್ಲ. ಆದರೂ ನಮ್ಮ ಸಣ್ಣ ಊರುಗಳಲ್ಲಿ ಆ ನಿಯಮ ಕೌಂಟರಿನ ಹಿಂದೆ ಕೂತೇ ಇದೆ. ಒಬ್ಬರೇ ಬರುವ ಅಕ್ಕತಂಗಿಯರು ಮೊದಲೇ ಫೋನ್ ಮಾಡಿ "ಒಬ್ಬಳೇ ಬರ್ತೀನಿ, ಕೊಡ್ತೀರಾ" ಎಂದು ಕೇಳಿಕೊಂಡು ಬನ್ನಿ. ನಾಚಿಕೆ ಪಡಬೇಕಾದವರು ನೀವಲ್ಲ.

ರೂಮನ್ನೇ ಕೇಳದ ಪ್ರವಾಸಿಗರೂ ಇದ್ದಾರೆ, ಅವರೇ ಹೆಚ್ಚು. ಚೈತ್ರದಲ್ಲಿ ವಿರೂಪಾಕ್ಷನ ತೇರಿಗೆ, ಹುಣ್ಣಿಮೆ–ಮಂಗಳವಾರ–ಶುಕ್ರವಾರ ಹುಲಿಗೆಮ್ಮನಿಗೆ, ಡಿಸೆಂಬರಿನಲ್ಲಿ ಮಾಲೆ ಧರಿಸಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬರುವವರು. ಬುತ್ತಿ ಕಟ್ಟಿಕೊಂಡು, ಟ್ರ್ಯಾಕ್ಟರಿನಲ್ಲಿ, ಬಸ್ಸಿನಲ್ಲಿ, ಮಕ್ಕಳು ಮುದುಕರ ಜತೆ ಬರುತ್ತಾರೆ. ಮಲಗುವುದು ಮಂಟಪದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನದಿಯ ಬಂಡೆಯ ಮೇಲೆ. ಇಂಗ್ಲಿಷಿನಲ್ಲಿ ಹಂಪಿಯ ಹಾಸಿಗೆಗಳ ಬಗ್ಗೆ ನೂರಾರು ಪುಟಗಳಿವೆ. ಇವರಿಗೆ ಬೇಕಾದ ಸಂಗತಿಗಳು, ಅಂದರೆ ಕುಡಿಯುವ ನೀರು ಎಲ್ಲಿ, ಹೆಂಗಸರ ಶೌಚಾಲಯ ರಾತ್ರಿ ತೆರೆದಿರುತ್ತದಾ, ಕೊನೆ ಬಸ್ಸು ಎಷ್ಟಕ್ಕೆ, ಯಾವ ದಂಡೆಯಲ್ಲಿ ಸ್ನಾನಕ್ಕೆ ಇಳಿಯಬಾರದು ಎಂಬುದು ಕನ್ನಡದಲ್ಲಿ ಒಂದು ಪುಟವೂ ಸಿಗುವುದಿಲ್ಲ. ತೇರಿಗೆ ಮೊದಲು ಇಂಥದ್ದೊಂದು ಪಟ್ಟಿ ಮಾಡಿ ನಾನು ಬರೆಯುವ ಪತ್ರಿಕೆಗೆ ಕಳಿಸಿದ್ದೆ. "ಇದು ಸುದ್ದಿ ಅಲ್ಲ ಮೇಡಂ, ಮಾಹಿತಿ" ಎಂದು ಡೆಸ್ಕಿನವರು ಹೇಳಿದರು. ಮರುವಾರ ನದಿಯಲ್ಲಿ ಮುಳುಗಿದವರ ಸುದ್ದಿ ಕಳಿಸಿದಾಗ ಎರಡು ಕಾಲಂ ಜಾಗ ಸಿಕ್ಕಿತು.

ಎರಡು ದಿನ ಹೆಚ್ಚಿದ್ದರೆ ಸಂಡೂರಿಗೂ ಹೋಗಿ. ಹೊಸಪೇಟೆಯಿಂದ 30 ಕಿ.ಮೀ. ಆಸುಪಾಸು. ಗಣಿಯ ಹೆಸರು ಕೇಳಿದವರಿಗೆ ಅಲ್ಲಿನ ಹಸಿರು ನಂಬಲಾಗುವುದಿಲ್ಲ. 1934ರಲ್ಲಿ ಗಾಂಧೀಜಿ ಆ ಕಣಿವೆಗೆ ಬಂದಿದ್ದರು. ಮಳೆ ಮುಗಿಯುವ ಸೆಪ್ಟೆಂಬರ್ ಅದನ್ನು ನೋಡುವ ಕಾಲ. ಕಾಡಿನೊಳಗೆ ಪಾರ್ವತಿ, ಕುಮಾರಸ್ವಾಮಿ ಗುಡಿಗಳು ಹಂಪಿಗಿಂತ ಎಷ್ಟೋ ಶತಮಾನ ಹಳೆಯವು. ಊರಿನಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಇದೆ. ಅಲ್ಲಿ ಲಂಬಾಣಿ ಹೆಣ್ಣುಮಕ್ಕಳು ಮಾಡುವ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಉಳಿಯಲು ರೂಮುಗಳು ಕಡಿಮೆ. ಬೆಳಗ್ಗೆ ಹೋಗಿ ಸಂಜೆಗೆ ಹೊಸಪೇಟೆಗೆ ಮರಳುವುದು ಮೇಲು. ಬೈಕಿನಲ್ಲಾದರೆ ಕತ್ತಲಾಗುವ ಮುಂಚೆ ಹೊರಡಿ, ಅದಿರು ಲಾರಿಗಳ ಜತೆ ರಾತ್ರಿ ಆ ರಸ್ತೆ ಬೇಡ. ಹೊರಡುವ ಮೊದಲು ವಗ್ಗರಣಿ–ಮಿರ್ಚಿ ತಿನ್ನಿ. ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ.

ಈ ಬ್ಲಾಗಿನಲ್ಲಿ ಬರೆಯುವ ನಾವೆಲ್ಲ ಒಂದೊಂದು ತಾಲ್ಲೂಕಿನಲ್ಲಿ ಕೂತವರು. ನಿಮ್ಮ ಊರಿನಲ್ಲೂ ಒಂದು ಜಾತ್ರೆ, ಒಂದು ಜಲಪಾತ, ಒಂದು ಗುಡಿ ಇರುತ್ತದೆ. ಅಲ್ಲಿಗೆ ಬರುವವರು ಎಲ್ಲಿ ಮಲಗುತ್ತಾರೆ ಎಂದು ಒಮ್ಮೆ ರಾತ್ರಿ ಹೋಗಿ ನೋಡಿ, ಬರೆಯಿರಿ. ತೆರವಿನ ಸುದ್ದಿ ಬರೆಯುವಾಗ ಒಂದು ಪ್ರಶ್ನೆ ಸೇರಿಸಿ: ಇಲ್ಲಿದ್ದ ಹಾಸಿಗೆಗಳು ಇನ್ನು ಮುಂದೆ ಎಲ್ಲಿ? ಅಧಿಕಾರಿಗಳಿಂದ ಉತ್ತರ ಬಾರದಿದ್ದರೆ ಅದನ್ನೂ ಬರೆಯಿರಿ.

ಹಂಪಿಗೆ ಬರುವವರಿಗೆ ಕೊನೆಯ ಮಾತು. ರೂಮಿಗೆ ದುಡ್ಡು ಕಟ್ಟುವ ಮೊದಲು ಮೂರು ವಿಷಯ ಕೇಳಿ: ನೋಂದಣಿ ಆಗಿದೆಯಾ, ರಾತ್ರಿ ಹೊತ್ತು ಗೇಟಿನಲ್ಲಿ ಯಾರಿರುತ್ತಾರೆ, ಮತ್ತು ರೂಮು ನದಿಯ ಯಾವ ದಂಡೆಯಲ್ಲಿದೆ. ಬೋಟು ಕತ್ತಲಾಗುವ ಮುಂಚೆ ನಿಲ್ಲುತ್ತದೆ. ಮಾತಂಗ ಬೆಟ್ಟದ ಮೇಲೆ ಸೂರ್ಯ ಮುಳುಗುವುದನ್ನು ನೋಡುತ್ತ ಮೈಮರೆತರೆ, ಆಚೆ ದಂಡೆಯ ರೂಮಿಗೆ ರಸ್ತೆ ಸುತ್ತಿಕೊಂಡೇ ಹೋಗಬೇಕು.